ಗರ್ಭ ನಿಲ್ಲದ ಮನೆಯ ಬಾಗಿಲಲ್ಲಿ ನಳಿನಕ್ಕ

ಬೆಳಿಗ್ಗೆ ಆರೂಕಾಲು. ಕೂಳೂರು ಸೇತುವೆಯ ಈಚೆ, ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆಯುಟ್ಟ ನಳಿನಾಕ್ಷಿ ಕಂಕನಾಡಿಯ ಆಸ್ಪತ್ರೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಾರೆ. ಪಕ್ಕದಲ್ಲಿ ಇಪ್ಪತ್ತೇಳರ ಅಶ್ಮಿತಾ. ರಕ್ತಪರೀಕ್ಷೆಗೆಂದು ಖಾಲಿಹೊಟ್ಟೆಯಲ್ಲಿ ಹೊರಟವಳು. ಐದು ವಾರಗಳ ಹಿಂದೆ ಅವಳಿಗೆ ಮೂರನೆಯ ಬಾರಿ ಗರ್ಭ ಹೋಗಿದೆ.

“ಆ ದಿನ ನಾನು ನೀರು ತುಂಬಿದ ಕೊಡಪಾನ ಎತ್ತಿದ್ದೆ ನಳಿನಕ್ಕ. ಅತ್ತೆ ಅದನ್ನೇ ಹೇಳ್ತಾರೆ.”

“ಕೊಡಪಾನ ಎತ್ತಿದ್ರೆ ಹೋಗುದಿಲ್ಲ ಮಾರಾಯ್ತಿ. ಹತ್ತು ಬಸುರಿನಲ್ಲಿ ಒಂದೋ ಎರಡೋ ಹೀಗೆ ಹೋಗ್ತದೆ. ಯಾರೂ ಹೊರಗೆ ಹೇಳುದಿಲ್ಲ, ಅಷ್ಟೇ.”

ಮತ್ತೆ ಮತ್ತೆ ಹೋಗುವುದು ಮಾತ್ರ ನೂರು ದಂಪತಿಗಳಲ್ಲಿ ಒಂದೆರಡು ಜೋಡಿಗೆ. ಥೈರಾಯ್ಡ್, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಗರ್ಭಕೋಶದ ಆಕಾರ, ರಕ್ತ ಹೆಪ್ಪುಗಟ್ಟುವ ತೊಂದರೆ, ಗಂಡ ಹೆಂಡಿರಲ್ಲಿ ಒಬ್ಬರ ವರ್ಣತಂತುಗಳ ವ್ಯತ್ಯಾಸ, ಹೀಗೆ ಕಾರಣ ಯಾವುದಾದರೂ ಇರಬಹುದು. ಅದಕ್ಕೇ ಅಶ್ಮಿತಾಳ ಗಂಡ ಹಿತೇಶನೂ ಪರೀಕ್ಷೆಗೆ ರಕ್ತ ಕೊಡಬೇಕು. “ಅವನಿಗೆ ಎಂತಕ್ಕೆ?” ಎಂದಿದ್ದ ಅತ್ತೆಯನ್ನು ಒಪ್ಪಿಸಲು ನಳಿನಾಕ್ಷಿ ಮೂರು ಸಲ ಆ ಮನೆಯ ಮೆಟ್ಟಿಲು ಹತ್ತಿದ್ದಾರೆ.

ದಿನಕ್ಕೆ ಇಪ್ಪತ್ತು ಮನೆ, ಹದಿನಾರು ವರ್ಷದ ನಡಿಗೆ. ಬಸುರಿಯರ, ಬಾಣಂತಿಯರ ಹೆಸರು ಬರೆದುಕೊಳ್ಳುವುದು ಕೆಲಸ. ಗರ್ಭ ಹೋದವರ ಮನೆಗೆ ಮತ್ತೆ ಹೋಗಿ ಕೂರಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ಆದರೂ ಹೋಗುತ್ತಾರೆ.

ಐವತ್ತೊಂದರ ನಳಿನಾಕ್ಷಿಗೆ ನಾಲ್ಕು ಬಾರಿ ಹೋಗಿದೆ. ಗಂಡ ಪೂವಪ್ಪ ಬಂದರಿನ ಸಗಟು ಮಳಿಗೆಯಲ್ಲಿ ಮೂಟೆ ತೂಗುವವರು. ಮಕ್ಕಳಿಲ್ಲ. “ಕಡೆಯದ್ದು ಐದನೇ ತಿಂಗಳು. ಒಳಗೆ ಅಲುಗಿದ್ದು ಗೊತ್ತಾಗಿತ್ತು ನನಗೆ. ದೈವಕ್ಕೆ ಹರಕೆ ಹೇಳಿದ್ದೆವು. ಪರೀಕ್ಷೆ ಮಾಡಿಸು ಅಂತ ಒಬ್ಬರೂ ಹೇಳ್ಲಿಲ್ಲ.” ಮತ್ತೆ, “ಇದ್ದಿದ್ರೆ ಈಗ ಇಪ್ಪತ್ತೆರಡು” ಎನ್ನುತ್ತಾರೆ. ಆ ವಯಸ್ಸಿನವರು ಎದುರು ಬಂದರೆ ಇಂದಿಗೂ ಅವರ ಕಣ್ಣು ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ.

ಕೆಲವು ವಾರ ಕಳೆದು ವರದಿಗಳೆಲ್ಲ ಕೈಸೇರುತ್ತವೆ. ಅಶ್ಮಿತಾ, ಹಿತೇಶ ಇಬ್ಬರಲ್ಲೂ ದೋಷವಿಲ್ಲ. ಮತ್ತೆ ಮತ್ತೆ ಗರ್ಭ ಹೋಗುವವರಲ್ಲಿ ಅರ್ಧದಷ್ಟು ಮಂದಿಗೆ ಹೀಗೇ, ಕಾರಣ ಸಿಗುವುದಿಲ್ಲ. ಮುಂದಿನದು ನಿಲ್ಲುವ ಸಾಧ್ಯತೆಯೇ ಹೆಚ್ಚು ಎನ್ನುತ್ತಾರೆ ಡಾಕ್ಟರು. ಅಶ್ಮಿತಾ ಹೊರಗಿನ ಬೆಂಚಿನಲ್ಲಿ ಕುಳಿತು ಮನಸಾರೆ ಅಳುತ್ತಾಳೆ. ಆ ಸಂಜೆ ನಳಿನಾಕ್ಷಿ ವರದಿಯನ್ನು ಅತ್ತೆಗೆ ಓದಿ ಹೇಳುತ್ತಾರೆ. ಅತ್ತೆ ಸೆರಗಿನ ಅಂಚು ತಿರುವುತ್ತಾರೆ. ಆಮೇಲೆ ಮೆಲ್ಲಗೆ, “ಹಿತೇಶನ ಮೊದಲು ನನ್ನದೂ ಒಂದು ಹೋಗಿತ್ತು. ಯಾರಿಗೂ ಗೊತ್ತಿಲ್ಲ” ಎನ್ನುತ್ತಾರೆ.

ನಿಮಗೆ ಏನು ಬೇಕು ಎಂದು ಕೇಳಿದರೆ ನಳಿನಾಕ್ಷಿ ತಮಗಾಗಿ ಏನನ್ನೂ ಕೇಳುವುದಿಲ್ಲ.

“ಆಸ್ಪತ್ರೆಯಲ್ಲಿ ಗರ್ಭ ಹೋದವಳನ್ನು ಬಾಣಂತಿಯ ಪಕ್ಕ ಮಲಗಿಸ್ತಾರೆ. ನನ್ನನ್ನೂ ಹಾಗೇ ಮಲಗಿಸಿದ್ದು. ಮಗುವಿನ ಅಳು ಕೇಳದ ಕಡೆ ಒಂದು ಹಾಸಿಗೆ ಇದ್ರೆ ಸಾಕು.”