ಗುಂಡಿ ನೋಡ್ಲಿಕ್ಕೆ ಹೋದದ್ದು

ಬಹ್ರೇನಿನಲ್ಲಿ ನಾವು ಕಾರಿನಿಂದ ಇಳಿಯುವುದಿಲ್ಲ. ಕೋಲ್ಡ್ ಸ್ಟೋರ್ ಎಂಬ ಬೀದಿಬದಿಯ ದಿನಸಿ ಅಂಗಡಿ ಎದುರು ಹಾರ್ನ್ ಹೊಡೆದರೆ ಹಾಲು ಕಾರಿಗೇ ಬರುತ್ತದೆ. ಇಂಥ ನನ್ನನ್ನು ಆಫೀಸಿನವರು ಟ್ರೈನಿಂಗಿಗೆಂದು ಸ್ಕಾಟ್ಲೆಂಡಿಗೆ ಕಳಿಸಿದರು.

ರಜೆಯ ದಿನ ಹೋಟೆಲಿನವ, "ಗುಡ್ಡದಲ್ಲೊಂದು ಚೆಂದದ ತಗ್ಗು ಉಂಟು, ಸುಲಭದ ದಾರಿ" ಎಂದ. ಮರುಭೂಮಿಯ ಅಭ್ಯಾಸ ನೋಡಿ, ಆರು ಬಾಟ್ಲಿ ನೀರು ಹೊತ್ತುಕೊಂಡು ಮಳೆಯಲ್ಲಿ ನೆನೆಯುತ್ತಾ ಹತ್ತಿದೆ. ಮೇಲೆ ಹೋದರೆ ಬೋಗುಣಿಯಂಥ ದೊಡ್ಡ ಗುಂಡಿ, ಒಳಗೆ ಹುಲ್ಲು, ನಾಲ್ಕು ಕುರಿ.

ಅಲ್ಲೇ ನಾಯಿ ಹಿಡಿದು ನಿಂತಿದ್ದ ಅಜ್ಜಿಯನ್ನು ಕೇಳಿದೆ, "ಇದ್ರಲ್ಲಿ ಎಂತ ಉಂಟು?"

"ಏನಿಲ್ಲ. ಚೆಂದ ಉಂಟಲ್ವಾ?" ಎಂದರು. ನಾನು ಎಲ್ಲಿಂದ ಬಂದವನೆಂದು ಕೇಳಿ ತಿಳಿದುಕೊಂಡು, "ನಿಮ್ಮ ಬಹ್ರೇನಿನಲ್ಲಿ ಏನು ನೋಡ್ತಾರೆ?" ಎಂದರು.

ಮರುಭೂಮಿ ನಡುವೆ ಒಂಟಿಯಾಗಿ ನಿಂತ ಮರವೊಂದಿದೆ. ಬಂದ ನೆಂಟರನ್ನೆಲ್ಲ ನಾವು ಅಲ್ಲಿಗೇ ಕರೆದೊಯ್ಯುವುದು. "ಮರ" ಎಂದೆ.

"ಎಷ್ಟು ಮರ?"

"ಒಂದು."

ಅಜ್ಜಿ ನಾಯಿಯ ಮುಖ ನೋಡಿದರು. ಕುರಿಗಳೂ ನಕ್ಕ ಹಾಗಾಯಿತು.

ಮೊನ್ನೆ ಉಡುಪಿಯಿಂದ ದೊಡ್ಡಮ್ಮ ಬಂದಾಗ ಅದೇ ಮರ ತೋರಿಸಿದೆ.

"ಇದನ್ನು ನೋಡ್ಲಿಕ್ಕಾ ಇಷ್ಟು ದೂರ ಬಂದದ್ದು ಮಾರಾಯ? ಎಂತ ಉಂಟು ಇದ್ರಲ್ಲಿ?"

"ಏನಿಲ್ಲ. ಚೆಂದ ಉಂಟಲ್ವಾ?"

ದೊಡ್ಡಮ್ಮ ಕಾರಿನಿಂದ ಇಳಿಯಲೇ ಇಲ್ಲ. ನಾಲ್ಕೇ ದಿನಕ್ಕೆ ಪಕ್ಕಾ ಬಹ್ರೇನಿನವರಾಗಿದ್ದರು.