ಗೊಂಬೆ ನಾರಾಯಣಪ್ಪನವರ ಪಾಪಮ್ಮ

ನಾರಾಯಣಪ್ಪನವರ ಟ್ರಂಕು ಮಾತಾಡುತ್ತಿತ್ತು. ಕ್ಯಾಸಂಬಳ್ಳಿ ಬಸ್ಸಿನಲ್ಲಿ ಅದನ್ನು ಸೀಟಿನ ಕೆಳಗೆ ತಳ್ಳಿ, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗಿನಿಂದ ಹೆಂಗಸಿನ ಕೀರಲು ದನಿ ಏಳುತ್ತಿತ್ತು: “ಲೇ ನಾರಾಯಣಾ, ಉಸ್ರು ಕಟ್ತದೆ, ತೆಗೀಲಾ!” ಅಕ್ಕಪಕ್ಕದವರು ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಒಮ್ಮೆ ಹೊಸ ಕಂಡಕ್ಟರೊಬ್ಬ ಬಸ್ಸು ನಿಲ್ಲಿಸಿ ಟ್ರಂಕು ತೆಗೆಸಿದ. ಒಳಗೆ ಕಣ್ಣು ಅರ್ಧ ಬಿಟ್ಟುಕೊಂಡು ಮಲಗಿದ್ದ ಗೊಂಬೆಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಧೈರ್ಯ ತಂದುಕೊಂಡು, ಇಷ್ಟು ದೊಡ್ಡ ಲಗೇಜಿಗೆ ಟಿಕೆಟ್ ತಗೋಬೇಕು ಎಂದ. “ನಾನು ಎಂಗ್ಸು ಕಣಯ್ಯಾ, ನಂಗೆ ಫ್ರೀ!” ಎಂದಿತು ಗೊಂಬೆ. ನಾರಾಯಣಪ್ಪನವರ ತುಟಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಬಸ್ಸಿಗೆ ಬಸ್ಸೇ ನಕ್ಕಿತು, ಕಂಡಕ್ಟರ್ ಮಾತ್ರ ಇಳಿಯುವವರೆಗೂ ಆ ಕಡೆ ತಿರುಗಲಿಲ್ಲ.

ಮಾತಾಡುವ ಗೊಂಬೆ ಆಡಿಸುವುದು ಅವರ ಕಸುಬು. ಹುಟ್ಟುಹಬ್ಬ, ನಾಮಕರಣ, ರಿಸೆಪ್ಷನ್, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದರು. ನಾನು ಬಂಗಾರಪೇಟೆಯಲ್ಲಿ ಇಂಥವೇ ಸಮಾರಂಭಗಳಿಗೆ ಬಲೂನು ಕಟ್ಟುವವನು. ಕಮಾನು ಬೇಕೆಂದರೆ ಕಮಾನು, ಮಗುವಿನ ಹೆಸರು ಬೇಕೆಂದರೆ ಹೆಸರು. ಹಾಗಾಗಿ ನಾವಿಬ್ಬರೂ ಮತ್ತೆ ಮತ್ತೆ ಒಂದೇ ಕಲ್ಯಾಣಮಂಟಪದಲ್ಲಿ ಎದುರಾಗುತ್ತಿದ್ದೆವು, ಕೊನೆಯ ಪಂಕ್ತಿಯಲ್ಲಿ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ಅವರು ನನ್ನನ್ನು ಮಂಜ ಎನ್ನುತ್ತಿದ್ದರು, ನಾನು ಅಣ್ಣಾ ಎನ್ನುತ್ತಿದ್ದೆ.

ಗೊಂಬೆಯ ಹೆಸರು ಪಾಪಮ್ಮ. ಚಿನ್ನದ ಗಣಿಯಲ್ಲಿ ಬಡಗಿಯಾಗಿದ್ದ ಅಣ್ಣನ ಅಪ್ಪ ಮರದಲ್ಲಿ ಕೆತ್ತಿಕೊಟ್ಟದ್ದು. ಐದು ವರ್ಷದ ಮಗುವಿನಷ್ಟು ಗಾತ್ರ, ಇಷ್ಟಗಲ ಬಾಯಿ, ಕೆಳದವಡೆಗೆ ಕಟ್ಟಿದ ದಾರ. ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ನಾನು ಬೆನ್ನು ತಿರುಗಿಸಿ ಬಲೂನು ಊದುತ್ತಿದ್ದರೂ ಅವಳು ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ಸುಳ್ಳೇಕೆ, ನನಗೆ ಅವಳೆಂದರೆ ಭಯವಿತ್ತು. ಅಣ್ಣನ ಹೆಂಡತಿ ಮುನಿರತ್ನಕ್ಕನಿಗೆ ಅಂಥದ್ದೇನೂ ಇರಲಿಲ್ಲ. ಮಗಳು ಮದುವೆಯಾಗಿ ಕುಪ್ಪಂ ಕಡೆ ಹೋದಮೇಲೆ ಅಕ್ಕನ ಹಳೆಯ ಸೀರೆಗಳೆಲ್ಲ ಒಂದೊಂದಾಗಿ ಪಾಪಮ್ಮನ ಲಂಗವಾದವು.

ಆಟ ಮುಗಿಸಿ ಟ್ರಂಕಿಗೆ ಇಳಿಸುವಾಗಲೂ ಅವಳ ಬಾಯಿಂದ ಒಂದು ಮಾತು ಆಡಿಸದೆ ಅಣ್ಣ ಮುಚ್ಚಳ ಹಾಕುತ್ತಿರಲಿಲ್ಲ. ಯಾಕೆಂದು ಒಮ್ಮೆ ಊಟಕ್ಕೆ ಕೂತಾಗ ಕೇಳಿದೆ.

“ಮಾತ್ ನಿಂತೋದ್ರೆ ಅದು ಗೊಂಬೆ ಅಲ್ಲ ಕಣ್ಲಾ ಮಂಜಾ, ಎಣ. ಎಣ ಎತ್ಕಂಡ್ ಮಕ್ಕಳ ಮುಂದಕ್ಕೆ ಓಗಕ್ಕಾಯ್ತದಾ?” ಎಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ನಾನು ನನ್ನ ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿದೆ.

ಆಟ ಮೆಚ್ಚಿದವರು ಪಾಪಮ್ಮನ ಬಾಯಿಗೆ ನೋಟು ಇಡುವುದು ನಮ್ಮ ಕಡೆ ವಾಡಿಕೆ. ಅವಳು ಅದನ್ನು ಕಚ್ಚಿ ಹಿಡಿದು, ಕೊಟ್ಟವರನ್ನು ಹೊಗಳುವಳೋ ಹಂಗಿಸುವಳೋ, ಅಂತೂ ಏನೋ ಒಂದು ಅನ್ನುತ್ತಿದ್ದಳು. ಜನ ಜೇಬಿನಲ್ಲಿ ನೋಟು ಇಟ್ಟುಕೊಳ್ಳುವುದನ್ನೇ ಬಿಟ್ಟಾಗ ಅಣ್ಣ ಎಲ್ಲಿಂದಲೋ ಅಂಗೈಯಗಲದ ಕಾರ್ಡಿನ ಯಂತ್ರವೊಂದನ್ನು ತಂದು ದವಡೆಯ ಹಿಂದೆ ಕೂರಿಸಿದರು. “ಕಾಲ ಬದ್ಲಾದ್ರೆ ಅವ್ಳೂ ತಿಂಡಿ ಬದ್ಲಾಯಿಸ್ಬೇಕಲ್ಲಪ್ಪಾ” ಎಂದರು. ಕಾರ್ಡನ್ನು ಪಾಪಮ್ಮನ ಬಾಯಿಗೆ ಇಡಬೇಕು, ಪಿನ್ ಒತ್ತಲು ಅಣ್ಣ ಯಂತ್ರವನ್ನೇ ಹಲ್ಲು ಕಿತ್ತಂತೆ ಹೊರಗೆಳೆದು ಕೊಡಬೇಕು. ಒಂದು ರಿಸೆಪ್ಷನ್ನಿನಲ್ಲಿ ದಾರ ಸಿಕ್ಕಿಕೊಂಡು ಹೆಣ್ಣಿನ ಸೋದರಮಾವನ ಕಾರ್ಡು ದವಡೆಯಲ್ಲೇ ಕಚ್ಚಿಕೊಂಡಿತು. ಆತ ಎಳೆದಷ್ಟೂ ಬಾಯಿ ಬಿಗಿಯಿತು. “ಅಜೀರ್ಣ ಆಗದೆ, ತಡ್ಕಳಯ್ಯಾ” ಎಂದು ಪಾಪಮ್ಮ, ಪೊಲೀಸಿಗೆ ಫೋನ್ ಮಾಡ್ತೀನಿ ಎಂದು ಮಾವ. ಕೊನೆಗೆ ನನ್ನ ಬಲೂನು ಕತ್ತರಿಯಿಂದಲೇ ಆ ಕಾರ್ಡು ಹೊರಬಂದದ್ದು.

ಅದಾದ ಮೇಲೆ ಕಾರ್ಡಿನ ಸಹವಾಸ ಸಾಕೆಂದು ಫೋನಿನಿಂದ ಸ್ಕ್ಯಾನ್ ಮಾಡುವ ಸ್ಟಿಕ್ಕರು ತಂದರು. ಅದನ್ನು ಟ್ರಂಕಿಗೆ, ಸ್ಕೂಟರಿಗೆ, ತಮ್ಮ ವಿಸಿಟಿಂಗ್ ಕಾರ್ಡಿಗೆ, ಪಾಪಮ್ಮನ ಎದೆಗೆ ಅಂಟಿಸಿದರು. ಹಣ ಬಂತೆಂದು ಕೂಗಿ ಹೇಳುವ ಸೌಂಡ್ ಬಾಕ್ಸನ್ನು ಅವಳ ಹೊಟ್ಟೆಯೊಳಗೆ ಇಟ್ಟರು. ಅದು ಚೆನ್ನಾಗಿ ಓದಿಕೊಂಡ ಹೆಂಗಸಿನ ಶುದ್ಧ ಕನ್ನಡ: “ಐವತ್ತು ರೂಪಾಯಿ ಸ್ವೀಕರಿಸಲಾಗಿದೆ.”

“ಪಾಪಮ್ಮ ಇಸ್ಕೂಲ್‌ಗೆ ಸೇರವ್ಳೆ ಸಾಮೀ, ಭಾಷೆ ನೋಡಿ!” ಎಂದು ಅಣ್ಣ ಸಭೆಗೆ ಹೇಳುತ್ತಿದ್ದರು.

“ನಾನಲ್ಲ ಕಣ್ಲಾ, ಒಟ್ಟೇಲಿ ಯಾರೋ ಅವ್ಳೆ” ಎಂದು ಪಾಪಮ್ಮ ತನ್ನ ಹೊಟ್ಟೆಯನ್ನೇ ಬಗ್ಗಿ ನೋಡಿಕೊಳ್ಳುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಆ ವರ್ಷವೇ ಅಣ್ಣನ ಗಂಟಲು ಕಟ್ಟಿತು. ಮೆಣಸಿನ ಕಷಾಯ, ಬಿಸಿನೀರು, ಉಪ್ಪು ಎಲ್ಲ ಆದಮೇಲೆ ಕೋಲಾರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಗಂಟಲಿನ ಗಡ್ಡೆ ತೆಗೆದರು, ಅದರ ಜೊತೆ ದನಿಯೂ ಹೋಯಿತು. ನಂದಿದುರ್ಗ ಗಣಿಯ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಒಂದು ಅವರದು, ಅಲ್ಲಿಗೆ ನೋಡಲು ಹೋದಾಗ ಅವರು ಬರೀ ಉಸಿರಿನಲ್ಲಿ ಏನೋ ಅಂದರು. ಕಿವಿಯನ್ನು ಬಾಯಿಯ ಹತ್ತಿರ ಇಟ್ಟೆ.

“ಅವ್ಳ್ ಮಾತು?” ಎಂದು ಕೇಳುತ್ತಿದ್ದರು. ಕಣ್ಣು ಮೂಲೆಯ ಟ್ರಂಕಿನ ಮೇಲಿತ್ತು. “ಅವ್ಳ್ ಮಾತು ಏನ್ಲಾ ಮಾಡದು?”

ತಮ್ಮ ದನಿಯ ಬಗ್ಗೆ ಒಂದು ಮಾತಿಲ್ಲ. ನನಗೆ ಅಳು ಬಂತು. ಏನು ಹೇಳಬೇಕೋ ತೋಚದೆ, ಬರಿಗೈಲಿ ಬಂದಿದ್ದೇನಲ್ಲಾ ಎಂಬ ನೆಪದಲ್ಲಿ ಫೋನು ತೆಗೆದು, ಹಣ್ಣಿಗೆಂದು ಅವರ ಖಾತೆಗೆ ಇನ್ನೂರು ರೂಪಾಯಿ ಕಳಿಸಿದೆ. ಟ್ರಂಕಿನೊಳಗಿನಿಂದ ಪಾಪಮ್ಮ ಮಾತಾಡಿದಳು: “ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ.”

ಮುನಿರತ್ನಕ್ಕನ ಕೈಲಿದ್ದ ಟೀ ಲೋಟ ತುಳುಕಿತು. ಅಣ್ಣ ಹಾಸಿಗೆಯಲ್ಲಿ ಎದ್ದು ಕೂತರು. ನನ್ನ ಫೋನನ್ನು ನೋಡಿದರು, ಟ್ರಂಕನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಆ ಮುಖದಲ್ಲಿ ಬಂದ ಕಳೆಯನ್ನು ನಾನು ಮರೆಯಲಾರೆ.

ಹೊಸ ಆಟ ಹುಟ್ಟಿದ್ದು ಹಾಗೆ. ಪಾಪಮ್ಮನ ಹಿಂದೆ ಒಂದು ಬೋರ್ಡು: ಒಂದು ರೂಪಾಯಿ ಎಂದರೆ ಹೌದು, ಎರಡು ರೂಪಾಯಿ ಎಂದರೆ ಇಲ್ಲ. ಮಕ್ಕಳು ಪ್ರಶ್ನೆ ಕೇಳಬೇಕು. ಅಣ್ಣ ಬಲಗಿವಿ ಮುಟ್ಟಿಕೊಂಡರೆ ಬಲೂನು ಕಮಾನಿನ ಮರೆಯಲ್ಲಿ ನಿಂತ ನಾನು ಒಂದು ರೂಪಾಯಿ ಕಳಿಸುವುದು, ಎಡಗಿವಿ ಮುಟ್ಟಿಕೊಂಡರೆ ಎರಡು. ಪಾಪಮ್ಮಾ, ನೀನು ಸ್ನಾನ ಮಾಡಿದ್ದೀಯಾ? “ಎರಡು ರೂಪಾಯಿ ಸ್ವೀಕರಿಸಲಾಗಿದೆ.” ನಿನಗೆ ಮದುವೆ ಆಗಬೇಕಾ? “ಒಂದು ರೂಪಾಯಿ ಸ್ವೀಕರಿಸಲಾಗಿದೆ.” ಹಣ ತಲುಪುವಷ್ಟರಲ್ಲಿ ಆಗುವ ತಡವನ್ನೂ ಅಣ್ಣ ಬಿಡಲಿಲ್ಲ, ಅಷ್ಟು ಹೊತ್ತು ಪಾಪಮ್ಮ ತಲೆ ಕೆರೆದುಕೊಂಡು, ಸೂರು ನೋಡಿ, ಯೋಚಿಸುತ್ತಿದ್ದಳು. ಮೊದಲಿನ ಆಟಕ್ಕಿಂತ ಇದಕ್ಕೇ ಕೂಗು ಹೆಚ್ಚಾಯಿತು. ಮನೆಗೆ ಹೋದಮೇಲೂ ಮಕ್ಕಳು ಅಪ್ಪನ ಫೋನಿನಿಂದ ಪಾಪಮ್ಮನಿಗೆ ಒಂದು, ಎರಡು ಕಳಿಸುತ್ತಿದ್ದರು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ.

ಒಂದೇ ಒಂದು ಸಲ ಅವಳು ಮೂಕಿಯಾದಳು. ಗಣಿಯ ಕಡೆಯ ಒಂದು ಶಾಲೆ, ದಪ್ಪ ಕಲ್ಲಿನ ಹಳೆಯ ಕಟ್ಟಡ. ನನ್ನ ಫೋನಿನಿಂದ ಹಣವೇನೋ ಹೋಗುತ್ತಿತ್ತು, ಗೊಂಬೆಯ ಹೊಟ್ಟೆಯೊಳಗಿನ ಬಾಕ್ಸಿಗೆ ಸಿಗ್ನಲ್ ಇರಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ. ಪಾಪಮ್ಮ ಯೋಚಿಸಿದಳು, ಇನ್ನೂ ಯೋಚಿಸಿದಳು. ಮಕ್ಕಳ ನಗು ಕಡಿಮೆಯಾಗಿ, ನಿಂತು, ಕೊನೆಗೆ ಮುಂದಿನ ಸಾಲಿನ ಒಂದು ಮಗು ಅಳತೊಡಗಿತು. ಅಣ್ಣನ ಮುಖ ಬಿಳಿಚಿಕೊಂಡಿತು. ಗೊಂಬೆಯನ್ನು ಎದೆಗವಚಿಕೊಂಡು ವೇದಿಕೆಯಿಂದ ಇಳಿದುಬಿಟ್ಟರು.

ಆಟೋ ಹಿಡಿದು ಮನೆ ಕಡೆ ಹೊರಟೆವು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕ ಬರುತ್ತಿದ್ದಾಗ ಕಾಲಡಿಯ ಟ್ರಂಕಿನೊಳಗೆ ದನಿ ಎದ್ದಿತು. ಒಂದು ರೂಪಾಯಿ ಸ್ವೀಕರಿಸಲಾಗಿದೆ. ಎರಡು ರೂಪಾಯಿ ಸ್ವೀಕರಿಸಲಾಗಿದೆ. ಒಂದು ರೂಪಾಯಿ, ಮತ್ತೆ ಒಂದು. ಅಷ್ಟು ಹೊತ್ತಿನ ಉತ್ತರಗಳೆಲ್ಲ ಒಂದರ ಹಿಂದೆ ಒಂದು ಬಂದವು. ಕೇಳಿದ ಮಕ್ಕಳು ಅಲ್ಲಿರಲಿಲ್ಲ. ಸುತ್ತ ಆ ಬೂದು ಮಣ್ಣಿನ ಗುಡ್ಡ, ಗಾಳಿ. ನಾನು ಕಾಲು ಮೇಲೆತ್ತಿಕೊಂಡೆ. ಅಣ್ಣ ಮಾತ್ರ ಸದ್ದಿಲ್ಲದೆ ನಗುತ್ತಿದ್ದರು, ಕಣ್ಣಲ್ಲಿ ನೀರು. ನನ್ನ ಕಿವಿಗೆ ಬಾಯಿ ತಂದರು.

“ಕಳ್ದೋಗಿರ್ಲಿಲ್ಲ ಕಣ್ಲಾ. ತಡ ಆಗಿ ಬತ್ತದೆ, ಅಷ್ಟೇ.”

ಕಳೆದ ಚಳಿಗಾಲದಲ್ಲಿ ಗಡ್ಡೆ ಮತ್ತೆ ಬಂತು. ಈ ಸಲ ಬೆಂಗಳೂರಿಗೆ ಹೋಗಲು ಅವರು ಒಪ್ಪಲಿಲ್ಲ. ನಾನು ಕೊನೆಯದಾಗಿ ಕಂಡಾಗ ಪಾಪಮ್ಮನನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡಿದ್ದರು. ಉಸಿರಿನ ಮಾತೂ ಮುಗಿದಿತ್ತು. ನನ್ನನ್ನು ನೋಡಿ ಬಲಗಿವಿ ಮುಟ್ಟಿಕೊಂಡರು. ನಾನು ಒಂದು ರೂಪಾಯಿ ಕಳಿಸಿದೆ. ಪಾಪಮ್ಮ ಹೇಳಿದಳು, ಅವರು ಕಣ್ಣು ಮುಚ್ಚಿಕೊಂಡರು. ಯಾವ ಪ್ರಶ್ನೆಗೆ ಹೌದು ಅಂದದ್ದೋ ನನಗೆ ತಿಳಿಯಲಿಲ್ಲ. ಎರಡು ದಿನಕ್ಕೆ ಹೋಗಿಬಿಟ್ಟರು.

ಹನ್ನೊಂದನೆಯ ದಿನ ಫೋಟೋದ ಮುಂದೆ ಎಡೆ ಇಟ್ಟು ನೆಂಟರೆಲ್ಲ ಕೈಮುಗಿದು ನಿಂತಿದ್ದಾಗ ಒಳಮನೆಯ ಟ್ರಂಕಿನಿಂದ ದನಿ ಬಂತು: “ಒಂದು ರೂಪಾಯಿ ಸ್ವೀಕರಿಸಲಾಗಿದೆ.” ಕುಪ್ಪಂ ಕಡೆಯ ಬೀಗರು ಚಪ್ಪಲಿ ಬಿಟ್ಟು ಬೀದಿಗೆ ಓಡಿದರು. ಒಬ್ಬಾಕೆ ದೇವರೇ ಮೈಮೇಲೆ ಬಂದಂತೆ ನಡುಗಿದಳು. ನಾನು ಹೊರಗೆ ಹೋಗಿ ನೋಡಿದರೆ, ಅಣ್ಣನ ಸ್ಕೂಟರಿನ ಮುಂದೆ ಪಕ್ಕದ ಲೈನಿನ ಪುಟ್ಟ ಹುಡುಗಿ, ಕೈಲಿ ಅವರಮ್ಮನ ಫೋನು.

“ಪಾಪಮ್ಮ ಅಳ್ತಾವ್ಳಾ ಅಂತ ಕೇಳ್ದೆ” ಎಂದಳು.

ಅವಳನ್ನು ಬೈಯದೆ ಮನೆಗೆ ಕಳಿಸಿದೆ. ಆಮೇಲೆಯೂ ಅಲ್ಲಿ ಇಲ್ಲಿಂದ ಮಕ್ಕಳು ಕಳಿಸುತ್ತಲೇ ಇದ್ದರು. ಮುನಿರತ್ನಕ್ಕ ಒಬ್ಬರೇ ಅನ್ನ ಬಸಿಯುತ್ತಿರುವಾಗ ಟ್ರಂಕು ಮಾತಾಡುವುದು, ಅಕ್ಕ ಒಲೆಯ ಮುಂದಿನಿಂದಲೇ “ಆ, ಬಂದೆ” ಎನ್ನುವುದು. ಬಾಕ್ಸಿಗೆ ಚಾರ್ಜು ಹಾಕುವುದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಮಳೆ ಶುರುವಾದ ಮೇಲೆ ಅಕ್ಕ ನನಗೆ ಫೋನು ಮಾಡಿದರು. “ಮಂಜಾ, ಒಂದ್ಗಳಿಗೆ ಬಂದೋಗಪ್ಪಾ.”

ಮಧ್ಯಾಹ್ನ ಹೋದೆ. ಸೂರಿನ ಶೀಟು ಒಡೆದು ನಡುಮನೆಗೇ ಸೋರುತ್ತಿತ್ತು, ಕೆಳಗೊಂದು ಬಕೆಟ್ಟು. ರಿಪೇರಿಗೆ ಬೇಕಾದ ಹಣ ಅಣ್ಣನ ಖಾತೆಯಲ್ಲಿತ್ತು. ಮರಣ ಪತ್ರ ತಂದುಕೊಟ್ಟರೆ ಅದನ್ನು ನಿಮ್ಮ ಹೆಸರಿಗೆ ಮಾಡಿ ಹಳೆಯ ಖಾತೆ ಮುಚ್ಚುತ್ತೇವೆ ಎಂದು ಬ್ಯಾಂಕಿನವರು ಹೇಳಿದ್ದರಂತೆ. ಖಾತೆ ಮುಚ್ಚಿದರೆ ಸ್ಟಿಕ್ಕರು ಕೆಲಸ ಮಾಡುವುದಿಲ್ಲ. ಪಾಪಮ್ಮನ ಬಾಯಿಯೂ ಮುಚ್ಚುತ್ತದೆ.

ಅಕ್ಕ ಅವಳಿಗೆ ಹೊಸ ಲಂಗ ಹಾಕಿ ಕುರ್ಚಿಯ ಮೇಲೆ ಕೂರಿಸಿದ್ದರು. “ನಾನ್ ಕೇಳ್ತೀನಿ, ನೀನು ಅವ್ರ್ ಉತ್ರ ಏಳ್ಸು.”

“ಅಕ್ಕಾ, ನಾನ್ ಕಳ್ಸಿದ್ರೆ ಅದು ನನ್ ಉತ್ರ ಆಯ್ತದೆ, ಅಣ್ಣಂದಲ್ಲ.”

“ಆಟ್ದಾಗೂ ನೀನೇ ತಾನೆ ಕಳ್ಸ್ತಿದ್ದಿದ್ದು? ಅವ್ರ್ ಮನ್ಸಾಗಿದ್ದಿದ್ದೇ ಬತ್ತಿರ್ಲಿಲ್ವಾ?”

ಆಗ ಕಿವಿ ಮುಟ್ಟಿ ತೋರಿಸುವವರು ಇದ್ದರು, ಈಗ ಇಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ. ಫೋನು ತೆಗೆದೆ. ಅಕ್ಕ ಗೊಂಬೆಯ ಮುಂದೆ ನೆಲಕ್ಕೆ ಕೂತು, ಅದರ ಮರದ ಕೈ ಹಿಡಿದುಕೊಂಡು, ಗಂಡನಿಗೇ ಕೇಳುವಂತೆ ಮೆಲ್ಲಗೆ ಕೇಳಿದರು:

“ಬ್ಯಾಂಕ್‌ಗೆ ಓಗ್ಲಾ?”

ನಾನು ಒಂದು ರೂಪಾಯಿ ಎಂದು ಒತ್ತಿದೆ. ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಹೋದವರ ದನಿಗಿಂತ ಇರುವವರ ತಲೆಯ ಮೇಲಿನ ಸೂರು ದೊಡ್ಡದು ಎಂದೇ ನನಗೆ ಅನ್ನಿಸಿದ್ದು. ಪಿನ್ ಒತ್ತುವುದೊಂದೇ ಬಾಕಿಯಿತ್ತು. ಬೆರಳು ಇನ್ನೂ ಕೆಳಗೆ ಬಂದಿರಲಿಲ್ಲ.

“ಎರಡು ರೂಪಾಯಿ ಸ್ವೀಕರಿಸಲಾಗಿದೆ” ಎಂದಳು ಪಾಪಮ್ಮ.

ಅಕ್ಕ ನನ್ನ ಕಡೆ ತಿರುಗಿದರು. ಅಣ್ಣ ಹೋದಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. “ನೋಡ್ದಾ, ಬ್ಯಾಡ ಅಂತವ್ರೆ. ನಂಗ್ ಗೊತ್ತಿತ್ತು. ನೀನ್ ಸರ್ಯಾಗ್ ಕಳ್ಸ್ದೆ ಮಂಜಾ.” ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. “ಈ ಮಳೆಗಾಲ ಬಕೀಟ್ ಇಟ್ಕಂಡು ಕಳೀತೀನಿ, ಬಿಡು. ಟೀ ಕಾಯಿಸ್ತೀನಿ, ಕುಂತ್ಕ.”

ನನ್ನ ಫೋನು ಇನ್ನೂ ಪಿನ್ ಕೇಳುತ್ತಿತ್ತು. ಅದನ್ನು ಆರಿಸಿ ಜೇಬಿಗಿಟ್ಟೆ. ಅಣ್ಣನ ಫೋನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿತ್ತು. ತೆರೆದು ನೋಡಿದರೆ ಆ ಎರಡು ರೂಪಾಯಿ ಕಳಿಸಿದವರ ಹೆಸರು ಸಿಗುತ್ತಿತ್ತು. ಎಲ್ಲೋ ಯಾವುದೋ ಮಗು, ಅಪ್ಪನ ಫೋನು ಕೈಗೆ ಸಿಕ್ಕಾಗ ಪಾಪಮ್ಮನನ್ನು ಏನೋ ಕೇಳಿರಬೇಕು. ಹಾಗೇ ಇರಬೇಕು. ಗೂಡು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ನಾನು ಮುಟ್ಟಲಿಲ್ಲ. ಪಾಪಮ್ಮ ಮುಚ್ಚದ ಎಡಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು, ನಾನೂ ನೋಡಿದೆ.

ಟೀ ಕುಡಿದು ಎದ್ದೆ. ಅಕ್ಕನಿಗೆ ಹೇಳಿ, ಬಾಗಿಲ ಹತ್ತಿರ ಹೋದವನು ಮತ್ತೆ ಕುರ್ಚಿಯ ಕಡೆ ತಿರುಗಿ, “ಬತ್ತೀನಣ್ಣಾ” ಎಂದೆ.