ಮಲಗಿದವರ ಅಳತೆ

ಚಂಪಕ್ಕನನ್ನು ನಾನು ಮೊದಲು ದರ್ಜಿ ಎಂದು ತಿಳಿದಿದ್ದೆ. ಕುದ್ರೋಳಿಯ ನಮ್ಮ ಓಣಿಯಲ್ಲಿ, ಎದುರು ಮನೆಯ ಜಗಲಿಯ ಮೇಲೆ, ನಿವೃತ್ತ ಹೆಡ್‌ಮಾಸ್ಟರ್ ರಾಧಾಕೃಷ್ಣ ಮಾಷ್ಟ್ರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಒಬ್ಬ ಹೆಂಗಸು ಅವರ ಹೊಟ್ಟೆಗೆ ಟೇಪು ಸುತ್ತುತ್ತಿದ್ದರು. ಯಾವುದೋ ಸನ್ಮಾನಕ್ಕೆ ಮಾಷ್ಟ್ರು ಹೊಸ ಕೋಟು ಹೊಲಿಸುತ್ತಿದ್ದಾರೆ ಎಂದುಕೊಂಡೆ. ಸನ್ಮಾನ ಮಾಡುವವರು ಇನ್ನೂ ಸಿಕ್ಕದಿದ್ದರೂ ಕೋಟು ಸಿದ್ಧವಾಗಿರಬೇಕು ಎನ್ನುವವರು ಅವರು. ನಾನೂ ಒಳಗೆ ಓಡಿ, ಗುಂಡಿ ಹಾಕಲು ಒಪ್ಪದೆ ಮುಷ್ಕರ ಹೂಡಿದ್ದ ಪ್ಯಾಂಟೊಂದನ್ನು ತಂದು ಹಿಡಿದೆ.

"ಸೊಂಟದ ಹತ್ತಿರ ಸ್ವಲ್ಪ ಬಿಡಿಸಿ ಕೊಡ್ತೀರಾ?"

ಆಕೆ ಪ್ಯಾಂಟನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಪ್ಯಾಂಟಿಗೆ ಎಂತ ಆಗ್ಲಿಲ್ಲ ಮಾರಾಯ್ರೆ. ಆದದ್ದು ನಿಮಗೆ. ಕೈ ಎತ್ತಿ."

ಹೀಗೆ ನನ್ನ ಅಳತೆಯೂ ಆಯಿತು. ಸೊಂಟ, ಪೃಷ್ಠ, ತೂಕ, ಎತ್ತರ. ಎತ್ತರಕ್ಕೆ ನನ್ನನ್ನು ಗೋಡೆಗೆ ಒರಗಿಸಿ, ತಲೆಯ ಮೇಲೆ ಒಂದು ಹಲಗೆ ಒತ್ತಿ, ಅದರ ಬುಡಕ್ಕೆ ಪೆನ್ಸಿಲಿನಿಂದ ಗೆರೆ ಎಳೆದರು. ಅವರನ್ನು ಕಳಿಸಿದ ಕಾಲೇಜಿನವರು ಕೊಟ್ಟ ಎತ್ತರ ಅಳೆಯುವ ಕಂಬ ನಮ್ಮ ಓಣಿಯ ಮನೆಗಳಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲವಂತೆ. ನೆಲವೇ ಹಾಗೆ.

ಚಂಪಕ್ಕ ಒಂದು ವೈದ್ಯಕೀಯ ಕಾಲೇಜಿನ ಅಧ್ಯಯನಕ್ಕಾಗಿ ಮನೆಮನೆ ಸುತ್ತುವವರು. ಮನುಷ್ಯನ ಬರೀ ತೂಕ ನೋಡಿದರೆ ಸಾಲದು, ಆಕಾರವನ್ನೂ ನೋಡಬೇಕು ಎಂಬುದು ಅಲ್ಲಿನ ಡಾಕ್ಟರರ ಲೆಕ್ಕ. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದೆ ಬಂದವರು, ಮೈತುಂಬ ದಪ್ಪ ಇರುವವರಿಗಿಂತಲೂ ಬೇಗ ಹೊರಡುವ ಸಂಭವ ಉಂಟಂತೆ. ಅಳತೆಗಳನ್ನು ಮೊಬೈಲಿಗೆ ಹಾಕಿದರೆ ಅದು ಎಲ್ಲವನ್ನೂ ಕೂಡಿಸಿ ಒಂದು ಅಂಕಿ ಕೊಡುತ್ತದೆ. ಅಂಕಿ ದೊಡ್ಡದಾದಷ್ಟೂ ಅಪಾಯ ಹೆಚ್ಚು.

"ನನಗೆಷ್ಟು ಬಂತು? ಓಣಿಗೆ ನಾನೇ ಫಸ್ಟಾ?" ಎಂದು ಮಾಷ್ಟ್ರು ಕೇಳಿದ್ದರು.

"ಇದರಲ್ಲಿ ಜಾಸ್ತಿ ಮಾರ್ಕ್ ಬಂದವರನ್ನು ಬೇಗ ಮನೆಗೆ ಕಳಿಸ್ತಾರೆ ಮಾಷ್ಟ್ರೆ," ಎಂದರು ಚಂಪಕ್ಕ.

ಅದು ಕೊರೊನಾ ಮುಗಿದ ಮರುವರ್ಷದ ಮಾತು. ಆಮೇಲೆ ಚಂಪಕ್ಕ ಅತ್ತ ಬೇರೆ ವಾರ್ಡುಗಳಿಗೆ ಹೋದರು, ನಾವು ಮರೆತೆವು. ಗೋಡೆಯ ಗೆರೆಗಳನ್ನು ಮಾತ್ರ ಯಾರೂ ಒರೆಸಲಿಲ್ಲ.

ಕಳೆದ ವರ್ಷ ಅವರು ತಿರುಗಿ ಬಂದರು. ಎರಡನೇ ಸುತ್ತು. ಅಧ್ಯಯನವೆಂದರೆ ಅಳೆದು ಬಿಡುವುದಲ್ಲ, ಅಳೆದವರಲ್ಲಿ ಯಾರು ಉಳಿದಿದ್ದಾರೆಂದು ನೋಡುವುದು ಎಂಬ ಸಂಗತಿ ನಮಗೆ ತಿಳಿದದ್ದೇ ಆಗ. ಹೆಸರು ಒತ್ತಿದ ಕೂಡಲೇ ಮೊಬೈಲು ಕೇಳುವ ಮೊದಲ ಪ್ರಶ್ನೆ ಅದೇ: ಈ ವ್ಯಕ್ತಿ ಜೀವಂತ ಇದ್ದಾರೆಯೇ? ಉತ್ತರ ಒತ್ತದೆ ಅದು ಮುಂದಕ್ಕೆ ಹೋಗುವುದಿಲ್ಲ.

ಚಂಪಕ್ಕ ಮಾತ್ರ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಒಳಗಿನ ಗೋಡೆಯನ್ನು ನೋಡುತ್ತಿದ್ದರು. ಮೂಲೆಮನೆಯ ವಿನಿಫ್ರೆಡ್ ಬಾಯಿಯ ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಗಂಡನ ಗೆರೆ ಇತ್ತು. ಆ ಗೆರೆಯ ಕೆಳಗೆ ಈಗ ಬರೀ ಗೋಡೆ. ಮೇಲೆ ಫೋಟೋ, ಫೋಟೋಕ್ಕೆ ಬಣ್ಣದ ಬಲ್ಬು. ವಿನಿಫ್ರೆಡ್ ಬಾಯಿ ಕುರ್ಚಿಯನ್ನು ಆಚೆ ಸರಿಸಿ ಕುಳಿತು, ಆ ಖಾಲಿ ಜಾಗದಲ್ಲಿ ಯಾರೋ ನಿಂತಿದ್ದಾರೆಂಬಂತೆ ಅದಕ್ಕೆ ದಾರಿ ಬಿಟ್ಟು ಮಾತಾಡಿದರು. ಹೊರಡುವಾಗ ಚಂಪಕ್ಕನೂ ಅದಕ್ಕೆ ದಾರಿ ಬಿಟ್ಟೇ ನಡೆದರು. ನಾನು ಜೊತೆಯಲ್ಲಿದ್ದೆ. ಇಂಥದ್ದನ್ನೆಲ್ಲ ನಂಬದ ಮನುಷ್ಯನಾದ್ದರಿಂದ, ನಾನು ಇನ್ನೂ ಸ್ವಲ್ಪ ಹೆಚ್ಚೇ ದಾರಿ ಬಿಟ್ಟೆ.

ಓಣಿಯಲ್ಲಿ ಬಾಗಿಲುಗಳು ಮುಚ್ಚತೊಡಗಿದವು. ಹಗಲಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಟೀವಿ ಸಣ್ಣಗಾಗುತ್ತಿತ್ತು. ಮಾಷ್ಟ್ರ ಹೆಂಡತಿ ಮನೋರಮಕ್ಕ ಒಬ್ಬರೇ ಮುಖಕ್ಕೆ ಹೇಳಿದವರು.

"ಚಂಪಾ, ನೀನು ಯಮನ ಕಡೆಯವಳು ಅಂತ ಜನ ಹೇಳ್ತಾರೆ ಮಾರಾಯ್ತಿ. ಆ ಟೇಪನ್ನಾದ್ರೂ ಚೀಲದೊಳಗೆ ಇಟ್ಕೊಂಡು ಬಾ."

"ಯಮನಿಗೆ ಟೇಪು ಯಾಕೆ ಮನೋರಮಕ್ಕ? ಅವನದ್ದು ಕಣ್ಣಂದಾಜು."

ಹೀಗೆಲ್ಲ ಮಾತಾಡುವ ಚಂಪಕ್ಕನಿಗೆ ತನ್ನ ಮನೆಯಲ್ಲೇ ಬಾಗಿಲು ಮುಚ್ಚಿತ್ತು ಎಂಬುದು ನಮಗೆ ತಡವಾಗಿ ಗೊತ್ತಾಯಿತು.

ಗಂಡ ಪೂವಪ್ಪಣ್ಣ ಪಣಂಬೂರು ಬಂದರಿನಲ್ಲಿ ಹಡಗಿನ ಹಗ್ಗ ಬಿಗಿಯುವ ಕೆಲಸದವರು. ಮೊದಲ ಸುತ್ತಿಗೆ ಮುಂಚೆ ಚಂಪಕ್ಕ ಕೈ ಪಳಗಿಸಿಕೊಂಡದ್ದು ಅವರ ಮೇಲೆಯೇ. ಅವರ ಗೆರೆಯೂ ಮನೆಯ ಗೋಡೆಯಲ್ಲಿತ್ತು. ಎರಡನೇ ಸುತ್ತಿಗೆ ಮಾತ್ರ ಅವರು ಒಪ್ಪಲಿಲ್ಲ. "ಇದ್ದೇನೆ ಅಂತ ನಿನ್ನ ಮೊಬೈಲಿಗೆ ನಾನು ಹೇಳಬೇಕಾ? ಅನ್ನ ಹಾಕುವಾಗ ನಿನಗೆ ಗೊತ್ತಾಗುದಿಲ್ವಾ?" ಎಂದರು.

ಆದರೆ ಚಂಪಕ್ಕನ ಕಣ್ಣು ಕೇಳಬೇಕಲ್ಲ. ಊರವರ ಮೈಯನ್ನೆಲ್ಲ ನೋಡಿ ನೋಡಿ ಅದಕ್ಕೆ ಬೇರೆ ಕೆಲಸ ಬರುತ್ತಿರಲಿಲ್ಲ. ಗಂಡ ಅಂಗಳದಲ್ಲಿ ನಿಂತರೆ ಲುಂಗಿಯೊಳಗೆ ಕಾಲುಗಳು ಇವೆಯೋ ಇಲ್ಲವೋ ಎನ್ನಿಸುತ್ತಿತ್ತು. ಭುಜದ ಮೇಲೆ ಅಂಗಿ ಜೋಲುತ್ತಿತ್ತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಚೆಂಬು ಚೆಂಬು ನೀರು ಕುಡಿಯುತ್ತಿದ್ದರು. ಡಾಕ್ಟರರಲ್ಲಿಗೆ ಹೋಗುವ ಎಂದರೆ "ಕಾಯಿಲೆ ಉಂಟು ಅಂತ ಯಾರು ಹೇಳಿದ್ದು, ಟೇಪಾ?" ಎಂದು ತಮಾಷೆ. ಅಳತೆ ಕೈಯಲ್ಲಿದ್ದರೆ ಡಾಕ್ಟರರಿಗೆ ತೋರಿಸಿ ಅವರಿಂದಲೇ ಹೇಳಿಸಬಹುದಿತ್ತು. ಅಳತೆಗೇ ಗಂಡ ಒಪ್ಪುತ್ತಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ಪೂವಪ್ಪಣ್ಣ ಒಂದು ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಚಂಪಕ್ಕ ಮೆಲ್ಲಗೆ ಪಕ್ಕದಲ್ಲಿ ಕುಳಿತು ಸೊಂಟದಡಿಗೆ ಟೇಪು ತೂರಿಸಿದರು. ಸೊಂಟ ಆಯಿತು, ಪೃಷ್ಠ ಆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ತನ್ನಷ್ಟಕ್ಕೇ ಟೇಪನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಎಳೆಯಿತು.

ಪೂವಪ್ಪಣ್ಣನ ಕುಟುಂಬದಲ್ಲಿ ಮಲಗಿದ ಮನುಷ್ಯನ ಉದ್ದ ತೆಗೆಯುವುದು ಒಂದೇ ಸಲ. ತೆಗೆಯುವವರು ಚಿತೆಗೆ ಸೌದೆ ಜೋಡಿಸುವವರು.

ಕಣ್ಣು ಮುಚ್ಚಿಕೊಂಡೇ ಅವರು ಕೇಳಿದರು: "ಎಷ್ಟು ಬಂತು?"

ಅವರು ನಿದ್ದೆ ಮಾಡಿರಲೇ ಇಲ್ಲ. ಚಂಪಕ್ಕನ ಕೈಯಿಂದ ಟೇಪು ಬಿತ್ತು.

"ಆಯ್ತು," ಎಂದರು ಪೂವಪ್ಪಣ್ಣ. ಅಷ್ಟೇ. ಆಮೇಲೆ ಏಳಲಿಲ್ಲ.

ಆ ರಾತ್ರಿಯ ಪಾಳಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಗಂಜಿ ತಂದರೆ ತುಟಿ ತೆರೆಯಲಿಲ್ಲ, ನೀರು ಮಾತ್ರ ಕುಡಿದರು. ಸಿಟ್ಟು ಇಲ್ಲ, ಅಳು ಇಲ್ಲ. ಕೆಲಸ ಮುಗಿದವರ ಹಾಗೆ ಮಲಗಿದ್ದರು. ಕೊನೆಗೆ, ನಾನೂ ಮಾಷ್ಟ್ರೂ ಕುಳಿತಿದ್ದಾಗ, ಚಂಪಕ್ಕ ನಮ್ಮ ಜಗಲಿಗೆ ಬಂದರು. ಟೇಪಿಲ್ಲದ ಅವರ ಕೈಗಳನ್ನು ನಾನು ನೋಡಿದ್ದು ಅದೇ ಮೊದಲು.

"ಸ್ವಲ್ಪ ಬಂದು ಮಾತಾಡಿ. ಇವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗದಿದ್ರೆ ಉಳಿಯುದಿಲ್ಲ. ಎತ್ತಿಕೊಂಡು ಹೋದ್ರೆ ಹೆಣ ಎತ್ತಿದ್ದು ಅಂತ ಇನ್ನೂ ಗಟ್ಟಿ ಮಾಡ್ಕೊಳ್ತಾರೆ. ಅವರೇ ಏಳಬೇಕು."

ಮಾಷ್ಟ್ರಿಗೆ ಕರೆ ಬಂದರೆ ಸಾಕು, ಶಾಲು ಹೊದ್ದೇ ಹೊರಟರು. ಆ ಮನೆಯೊಳಗೆ ಮಟಮಟ ಮಧ್ಯಾಹ್ನದಲ್ಲೂ ಮಬ್ಬು. ಫ್ಯಾನು ನಿಂತಿತ್ತು. ಪೂವಪ್ಪಣ್ಣ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡು ಮೇಲೆ ಹೆಂಚಿನ ಮಾಡು ನೋಡುತ್ತಿದ್ದರು. ಒಂದು ನೊಣ ಹಣೆಯ ಮೇಲೆ ಕುಳಿತು ಮೂಗಿನವರೆಗೆ ನಡೆದು ಬಂತು. ಅವರು ರೆಪ್ಪೆ ಹೊಡೆಯಲಿಲ್ಲ. ಅದನ್ನು ಓಡಿಸಲು ಮುಂದೆ ಬಂದ ನನ್ನ ಕೈ, ಯಾಕೋ ಗೊತ್ತಿಲ್ಲ, ಅರ್ಧದಲ್ಲೇ ಹಿಂದೆ ಬಂತು.

ಮಾಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಿ ಪೂವಪ್ಪ, ಇದು ಸಂಭವನೀಯತೆಯ ಪ್ರಶ್ನೆ. ಸಾವಿರ ಜನರನ್ನು ತೆಗೆದುಕೊಂಡರೆ..."

"ಮಾಷ್ಟ್ರೆ," ಎಂದಿತು ಚಾಪೆಯಿಂದ ಒಂದು ಒಣ ಸ್ವರ. "ಸತ್ತವರಿಗೂ ನೀವು ಪಾಠ ಬಿಡುದಿಲ್ವಾ?"

ಮಾಷ್ಟ್ರು ಶಾಲು ಸರಿಮಾಡಿಕೊಂಡರು. ಅವರ ಪಾಠವನ್ನು ಅಷ್ಟು ಬೇಗ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ನಗಬೇಕೆನಿಸಿತು, ಆದರೆ ಆ ಕೋಣೆಯಲ್ಲಿ ನಗು ಹೊರಡುವ ಹಾಗಿರಲಿಲ್ಲ.

ಚಂಪಕ್ಕ ಗಂಡನ ತಲೆಯ ಹತ್ತಿರ ಕುಳಿತರು. ಸ್ವರ ಏರಿಸಲಿಲ್ಲ, ಅಳಲಿಲ್ಲ. ಯಾರದೋ ಮನೆಯ ಜಗಲಿಯಲ್ಲಿ ಮಾತಾಡಿದ ಹಾಗೆ ಮಾತಾಡಿದರು.

"ಉದ್ದ ತಪ್ಪು ಬಂದಿದೆ. ಟೇಪು ಹೊರಳಿಕೊಂಡಿತ್ತು. ಇನ್ನೊಮ್ಮೆ ತೆಗೀಬೇಕು."

ಮಾಡು ನೋಡುತ್ತಿದ್ದ ಕಣ್ಣು ಸ್ವಲ್ಪ ಸರಿಯಿತು.

"ಮಲಗಿದವರದ್ದು ಎರಡು ಸಲ ತೆಗೆಯುವ ಕ್ರಮ ನಿಮ್ಮ ಮನೆಯಲ್ಲಿ ಉಂಟಾ?" ಎಂದು ಚಂಪಕ್ಕ ಕೇಳಿದರು.

ಪೂವಪ್ಪಣ್ಣ ಬಹಳ ಹೊತ್ತು ಯೋಚಿಸಿದರು. ಸತ್ತವರು ಇಷ್ಟು ಯೋಚಿಸಬಹುದೇ ಎಂದು ಕೇಳುವ ಆಸೆಯನ್ನು ಮಾಷ್ಟ್ರು ಹೇಗೆ ತಡೆದುಕೊಂಡರೋ.

"ಇಲ್ಲ," ಎಂದರು ಪೂವಪ್ಪಣ್ಣ.

"ಹಾಗಾದ್ರೆ ಎದ್ದು ನಿಲ್ಲಿ. ಮಲಗಿಸಿ ತೆಗೆದದ್ದು ತಪ್ಪಿದ್ರೆ ನಿಲ್ಲಿಸಿಯೇ ತೆಗೀಬೇಕಲ್ಲ."

ಅವರು ಎದ್ದರು. ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ. ಆ ಕೈ ತಣ್ಣಗಿತ್ತು, ಭಾರವೇ ಇರಲಿಲ್ಲ. ಗೆರೆಯಿದ್ದಲ್ಲಿ ಬೆನ್ನು ಕೊಟ್ಟು ನಿಂತರು. ಚಂಪಕ್ಕ ಹಲಗೆಯನ್ನು ನೆತ್ತಿಗೆ ಒತ್ತಿದರು.

ಹಳೆಯ ಗೆರೆ ಹಲಗೆಗಿಂತ ಮೇಲೆ ಉಳಿಯಿತು. ನಡುವೆ ಒಂದು ಹೆಬ್ಬೆರಳಿನಷ್ಟು ಸುಣ್ಣದ ಗೋಡೆ.

ಮೊಣಕಾಲು ಸೋತು ಮಡಿಚಿತ್ತು, ಬೆನ್ನು ಬಾಗಿತ್ತು ಎಂದು ಈಗ ನಾನು ವಿವರಿಸಬಲ್ಲೆ. ಆಗ ಮಾತ್ರ, ಆ ಗೆರೆಯಷ್ಟು ಎತ್ತರದ ಮನುಷ್ಯ ಎತ್ತಲೋ ಹೋಗಿ, ಅವನ ಅಂಗಿ ತೊಟ್ಟ ಬೇರೆ ಯಾರೋ ಅಲ್ಲಿ ನಿಂತ ಹಾಗಿತ್ತು.

"ಮುಟ್ಟಿತಾ?" ಎಂದು ಕೇಳಿದರು ಪೂವಪ್ಪಣ್ಣ. ಅವರಿಗೆ ಗೆರೆ ಕಾಣುತ್ತಿರಲಿಲ್ಲ.

ಮಾಷ್ಟ್ರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಮುಟ್ಟಿತು" ಎನ್ನುವ ಸುಳ್ಳು ನನ್ನ ನಾಲಗೆಯ ತುದಿಗೆ ಬಂದಿತ್ತು.

"ಇಲ್ಲ," ಎಂದರು ಚಂಪಕ್ಕ. "ಕಮ್ಮಿ ಆಗಿದ್ದೀರಿ."

ಪೂವಪ್ಪಣ್ಣ ಮೆಲ್ಲಗೆ ತಲೆ ತಿರುಗಿಸಿ ಆ ಗೆರೆಯನ್ನು ನೋಡಿದರು, ಪರಿಚಯದವರ ಮುಖ ನೋಡಿದ ಹಾಗೆ. ಆಮೇಲೆ ಲುಂಗಿ ಬಿಗಿಮಾಡಿಕೊಂಡರು.

"ರಿಕ್ಷಾ ಕರೀರಿ."

ಸಕ್ಕರೆ ಕಾಯಿಲೆ ಒಳಗಿಂದೊಳಗೇ ಮಾಂಸ ತಿನ್ನುತ್ತಿತ್ತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಆಸ್ಪತ್ರೆಯ ಡಾಕ್ಟರರು ಶುರುಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ಪೂವಪ್ಪಣ್ಣ ಮನೆಗೆ ಮರಳಿದಾಗ ಮುಖಕ್ಕೆ ಬಣ್ಣ ಬಂದಿತ್ತು. ಈಗ ದಿನಾ ಇನ್ಸುಲಿನ್, ಬಂದರಿನಲ್ಲಿ ಕುಳಿತು ಮಾಡುವ ಕೆಲಸ. ಹಗಲು ನಿದ್ದೆ ಮಾತ್ರ ಬಿಟ್ಟಿದ್ದಾರೆ. ರಾತ್ರಿಯೂ ಮಗ್ಗುಲಾಗಿ, ಕಾಲು ಮಡಚಿಕೊಂಡು, ಯಾರಿಗೂ ಉದ್ದ ಸಿಗದ ಹಾಗೆ ಮಲಗುತ್ತಾರೆ.

ಮೊನ್ನೆ ಚಂಪಕ್ಕ ನಮ್ಮ ಮನೆಗೆ ಬಂದರು. ಎರಡನೇ ಸುತ್ತಿನಲ್ಲಿ ನನ್ನದೊಂದು ಬಾಕಿ ಇತ್ತು. ಕೈ ಎತ್ತಿ ನಿಂತೆ. ಸೊಂಟದ ಸುತ್ತ ಟೇಪು ತಣ್ಣಗೆ ಹರಿಯಿತು. ಧೈರ್ಯಕ್ಕಾಗಿ ಏನಾದರೂ ಒಳ್ಳೆಯ ಮಾತು ಬೇಕಿತ್ತು.

"ಅಂತೂ ಪೂವಪ್ಪಣ್ಣ ಇನ್ನು ಸಾಯುವುದಿಲ್ಲ, ಅಲ್ವಾ ಚಂಪಕ್ಕ?"

"ಸಾಯ್ತಾರೆ. ನೀವೂ ಸಾಯ್ತೀರಿ. ಹೊಟ್ಟೆ ಒಳಗೆ ಎಳೀಬೇಡಿ, ಉಸಿರು ಬಿಡಿ."